ಕಲ್ಲಿಗೆ ಕೊಟ್ಟ ಶಾಕ್

ಹೇಳ್ರಿ ನೋಡೋಣ, ನನಗೇನಾಗಿರಬೇಕು? ಕರೆಂಟ್ ಆಫೀಸಿನಲ್ಲೇ ನೌಕರಿ ಮುಗಿಸಿದವ ನಾನು. ಕಂಬ, ಫ್ಯೂಜು, ಟ್ರಾನ್ಸ್‌ಫಾರ್ಮರ್ ನಡುವೆಯೇ ಓಡಾಡಿದರೂ ಒಮ್ಮೆಯೂ ಶಾಕ್ ಹೊಡೆಸಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ, ನಾನಾಗಿಯೇ ಹೋಗಿ ಮಲಗಿ ಹೊಡೆಸಿಕೊಂಡು ಬಂದೆ. ನನಗೆ ಬಾಯಿ ಇರುವತನಕ ಇಂಥವು ಆಗುತ್ತಲೇ ಇರುತ್ತವೆ.

ಅರ್ಥಿಂಗ್

ಕಿಡ್ನಿಯಲ್ಲಿ ಹರಳು. ಕಲಬುರಗಿಯ ಡಾಕ್ಟರು, "ಶಾಕ್ ಕೊಟ್ಟು ಪುಡಿ ಮಾಡ್ತೇವ್ರಿ" ಅಂದರು. ಬಿ.ಎಸ್ಸಿ. ಓದಿದ ಗತ್ತಿನಲ್ಲಿ ಕೇಳಿದೆ, "ಮಷೀನಿಗೆ ಅರ್ಥಿಂಗ್ ಸರಿ ಅದ ಏನ್ರಿ?" ರಬ್ಬರ್ ಚಪ್ಪಲಿ ಸಮೇತ ಟೇಬಲ್ ಹತ್ತಿದೆ.

"ಕಾಕಾ, ಚಪ್ಪಲ್ ಬಿಡ್ರಿ" ಅಂದಳು ನರ್ಸು.

"ನನ್ನ ಜೀವ ಉಳಸೋವೇ ಇವು, ತಂಗಿ."

ಡಾಕ್ಟರು ನಕ್ಕರು. "ಇದು ಕರೆಂಟಿನ ಶಾಕ್ ಅಲ್ರಿ. ಸಪ್ಪಳದ ಅಲೆ. ಹೊರಗಿಂದ ಹೋಗಿ ಹರಳಿಗೆ ಬಡೀತದ."

"ಹರಳಿಗೆ ಬಡೀಲಿ. ಆಜುಬಾಜು ಇರೋವಕ್ಕ?"

"ಅವಕ್ಕೂ ಚೂರು ಪೆಟ್ಟು ಬೀಳ್ತದ. ಬಾಜೂ ಮನಿ ಗ್ವಾಡಿ ಕೆಡವಿದ್ರ ನಿಮ್ಮ ಗ್ವಾಡಿ ಸುಣ್ಣ ಉದುರಂಗಿಲ್ಲೇನ್ರಿ? ಕಿಡ್ನಿ ಒಳಗ ಸಣ್ಣ ರಕ್ತನಾಳ ಒಡೀತಾವ. ಸ್ವಲ್ಪ ದಿನ ಮೂತ್ರ ಕೆಂಪಗಾಗಬಹುದು, ಬೆನ್ನು ಕಂದಬಹುದು. ತಾನೇ ಮಾಯ್ತದ. ಜಾಸ್ತಿ ಆದ್ರ ಜಲ್ದಿ ಬರ್ರಿ."

"ಹಂಗಾದ್ರ ಅರ್ಥಿಂಗ್..."

"ಮಷೀನಿಗೆ ಎಲ್ಲಾ ಅದರಿ. ನಿಮ್ಮ ಬಾಯಿಗೊಂದು ಸ್ವಿಚ್ ಇಲ್ಲ, ನೋಡ್ರಿ."

ಕಿಟಕಿ ಸೀಟು

ವಾಪಸು ಬರುವಾಗ ಹುಮನಾಬಾದಿನಲ್ಲಿ ಬಸವಕಲ್ಯಾಣದ ಬಸ್ಸು ಹತ್ತಿದೆ. ಪಕ್ಕದಲ್ಲಿ ಹುಲಸೂರಿನ ಅಂಗಡಿಯವ. ಅವನ ನೆರೆಮನೆಯ ಹುಡುಗನಿಗೇ ನನ್ನ ಮಗಳನ್ನು ಕೇಳಿದ್ದರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿದ್ದರು, ಹಿರಿಯರು ಬಂದು ಮಾತು ಮುಗಿಸುವುದಷ್ಟೇ ಬಾಕಿ.

"ಎಲ್ಲಿಗೆ ಹೋಗಿದ್ರಿ ಸಾಹೇಬ್ರ?"

"ಶಾಕ್ ಕೊಡಿಸಿಕೊಂಡು ಬರಾಕತ್ತೇನ್ರಿ."

ಅವನ ಮುಖ ಸಣ್ಣಗಾಯಿತು. "ಬಾಳ ದಿನದಿಂದ ಇತ್ತೇನ್ರಿ?"

"ಒಳಗೇ ಇತ್ರಿ, ಗೊತ್ತಾಗಿದ್ದಿಲ್ಲ. ಅದು ಎದ್ದಾಗ ಮಾತ್ರ ನೆಲದ ಮ್ಯಾಲೆ ಉಳ್ಳಾಡಿ ಒದರತಿದ್ದೆ. ನಮ್ಮಪ್ಪಗೂ ಇತ್ತು. ಮನೆತನದ್ದೇ ಅದು."

ಕಿಟಕಿ ಸೀಟು ನನಗೇ ಬಿಟ್ಟುಕೊಟ್ಟ. ಎಂಥ ಸಜ್ಜನ ಅಂದುಕೊಂಡೆ. ತಿರುಗಿ ನೋಡಿದರೆ ಕಂಡಕ್ಟರನ ಹಿಂದೆ ಹೋಗಿ ನಿಂತಿದ್ದ.

ಅಂಗಿ

ಹುಲಸೂರಿನಿಂದ "ಸದ್ಯಕ್ಕ ಬ್ಯಾಡ್ರಿ" ಅಂತ ಸುದ್ದಿ ಬಂತು. ಮಗಳು ನನ್ನ ಜೊತೆ ಮಾತು ಬಿಟ್ಟಳು.

"ನಿಮಗ ತಲಿ ಕೆಟ್ಟದ ಅಂತ ಊರೆಲ್ಲಾ ಆಗ್ಯದ" ಅಂದಳು ಹೆಂಡತಿ. ಹುಡುಗನ ತಾಯಿಗೆ ಫೋನ್ ಹಚ್ಚಿದಳು; ಶಾಕಿನ ಮಾತೆತ್ತಿದರೆ ಆಕೆ ಕೇಳಲೇ ಒಲ್ಲಳು. ಕಡೆಗೆ, "ಒಮ್ಮೆ ಬಂದು ಕಣ್ಣಾರೆ ನೋಡಿ ಹೋಗ್ರಿ" ಅಂತ ಗೋಗರೆದಳು. ಅಪ್ಪ, ಮಗ ಬರುವುದಾಯಿತು. ನನಗೊಂದೇ ಅಪ್ಪಣೆ: "ನೀವು ಬಾಯಿ ತೆರೀಬ್ಯಾಡ್ರಿ."

ತೆರೆಯಲಿಲ್ಲ.

"ಆರಾಮ ಇದ್ದೀರೇನ್ರಿ?" ಅಂದರು ಹುಡುಗನ ಅಪ್ಪ. ತಲೆ ಆಡಿಸಿದೆ.

"ಮಳಿ ಹ್ಯಾಂಗ ಅದರಿ ಈ ಕಡಿ?" ತಲೆ ಆಡಿಸಿದೆ.

ಅವರು ಮಗನ ಮುಖ ನೋಡಿ, ಟೋಪಿ ಕೈಗೆತ್ತಿಕೊಂಡರು. ಎದ್ದರೆ ಮುಗಿಯಿತು, ಮಗಳ ಸಂಬಂಧ ಹೋದಂತೆಯೇ. ಮಾತಾಡುವ ಹಾಗಿಲ್ಲ. ಸಟಕ್ಕನೆ ಎದ್ದು, ಅವರಿಗೆ ಬೆನ್ನು ಮಾಡಿ, ಅಂಗಿ ಮೇಲೆತ್ತಿ ಕಂದಿದ ಗುರುತು ತೋರಿಸಿದೆ.

ಹುಡುಗನ ಅಪ್ಪ ಟೋಪಿ ಕೆಳಗಿಟ್ಟು ಬಗ್ಗಿ ನೋಡಿದರು.

"ಕಿಡ್ನಿ ಏನ್ರಿ?" ಅಂದರು ಅವರು, ಮೆತ್ತಗೆ.

"ಹೌದ್ರಿ."

"ಕಲಬುರಗಿ?"

"ಹೌದ್ರಿ."

ಅವರೂ ಎದ್ದು, ತಿರುಗಿ, ಅಂಗಿ ಎತ್ತಿದರು. ನನಗೆ ಬಲಕ್ಕಿದ್ದರೆ ಅವರಿಗೆ ಎಡಕ್ಕೆ. "ನಾನೂ ಮೊನ್ನೆ ಹೊಡೆಸಿಕೊಂಡು ಬಂದೇನ್ರಿ, ಯಾರ ಮುಂದೂ ಅಂದಿದ್ದಿಲ್ಲ. ಶಾಕ್ ಅಂದ್ರ ಹುಡುಗಗ ಯಾರು ಹೆಣ್ಣು ಕೊಡ್ತಾರ?"

ಅಷ್ಟರಲ್ಲಿ ಮಗಳು ಚಹಾ ತಂದಳು. ಪಡಸಾಲೆಯಲ್ಲಿ ಎರಡು ಬರಿ ಬೆನ್ನು ಕಂಡು ಬಾಗಿಲಲ್ಲೇ ನಿಂತಳು.

ಹುಡುಗ ತಲೆ ಎತ್ತದೆ ಅಂದ, "ಚಾ ಇಲ್ಲಿಡ್ರಿ. ಅವರು ಜಾತಕ ಕೂಡಿಸಾಕತ್ತಾರ."

ಅಂಗಿ ಕೆಳಗಿಳಿಯುವ ಮೊದಲೇ ಸಂಬಂಧ ಪಕ್ಕಾ ಆಯಿತು. ಅವತ್ತು ಶ್ರಾವಣದ ಮೊದಲನೇ ಸೋಮವಾರ, ದಿನವೂ ಒಳ್ಳೆಯದೇ.