ಅಲ್ಲಾಡುವ ಸ್ಟೂಲೂ ಪಟ್ಟದ ಗೊಂಬೆಯೂ

"ಈ ಸಲ ಗೊಂಬೆ ಮೆಟ್ಟಿಲು ಕಟ್ಟೋದು ನಾನೇ! ಬಡಗಿ ಗಿಡಗಿ ಯಾರೂ ಬೇಡ!"

ನವರಾತ್ರಿಯ ಪಾಡ್ಯದ ಬೆಳಗ್ಗೆ ಚಾಮರಾಜಪೇಟೆಯ ಶೀನಣ್ಣನವರು ಪಂಚೆ ಎತ್ತಿ ಕಟ್ಟಿ ಹೀಗೆ ಘೋಷಿಸಿದಾಗ ಅವರ ಹೆಂಡತಿ ಚೂಡಾಮಣಿಯವರು ಮೆಟ್ಟಿಲಿಗಿಡುವ ಹಳೇ ಸ್ಟೂಲಿನ ಕಡೆ ನೋಡಿದರು. ಶೀನಣ್ಣನವರು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದು ನಿವೃತ್ತರಾದವರು. ಅಂದಿನಿಂದ ಕ್ಲಾಸು ಮನೆಯಲ್ಲೇ. ವಿದ್ಯಾರ್ಥಿನಿ ಒಬ್ಬರೇ, ಅವರಿಗೆ ರಜೆಯೂ ಇಲ್ಲ!

"ರೀ, ಆ ಸ್ಟೂಲು ಅಲ್ಲಾಡತ್ತೆ. ಬಡಗಿ ಮುನಿರಾಮಪ್ಪನ್ನ ಕರೆಸಿ, ಎರಡು ಮೊಳೆ ಹೊಡೆದು ಹೋಗ್ತಾನೆ."

"ಅಲ್ಲಾಡತ್ತೆ ಅಂದ್ಬಿಟ್ರೆ ಸಾಲ್ದು ಕಣೇ! ಹೇಗೆ ಅಲ್ಲಾಡತ್ತೆ? ಒಂದು ಕಾಲು ಗಿಡ್ಡ ಆಗಿದ್ರೆ ವಾಬ್ಲಿ. ಕೀಲೆಲ್ಲ ಸಡಿಲ ಆಗಿದ್ರೆ ರಿಕೆಟಿ. ಸೊಟ್ಟಗಿದ್ರೆ ವಾಂಕಿ. ನೋಡೋಕೆ ಗಟ್ಟಿಯಾಗಿದ್ದು, ನಂಬಿ ಕೂತ್ರೆ ಕೈಕೊಡೋದು ಡಾಡ್ಜಿ! ಆಹಾ, ಏನು ಭಾಷೆ!"

"ಹೆಸರಿಟ್ರೆ ಸ್ಟೂಲು ನಿಲ್ಲತ್ತಾ?"

"ರೋಗ ಯಾವುದು ಅಂತ ಗೊತ್ತಾದ್ರೆ ಅರ್ಧ ವಾಸಿ ಆದ ಹಾಗೇ!"

"ಮಿಕ್ಕ ಅರ್ಧಕ್ಕೆ ಮೊಳೆ ಬೇಕಲ್ಲ!"

ಆದರೆ ಮೇಷ್ಟರಿಗೆ ರೋಗದ ಹೆಸರೇ ಔಷಧ. ವಾಬ್ಲಿ ಬೆಂಚು ಕೆಳಗೆ, ರಿಕೆಟಿ ಟೀಪಾಯಿ ನಡುವೆ, ಆ ಸ್ಟೂಲು ಎಲ್ಲಕ್ಕೂ ಮೇಲೆ! ಹಲಗೆ ಜೋಡಿಸಿ ಬಿಳಿ ಪಂಚೆ ಹಾಸಿದರು. ಪಂಚೆ ಬಿದ್ದ ಮೇಲೆ ರೋಗಿಗಳೆಲ್ಲ ಮದುಮಕ್ಕಳ ಹಾಗೆ ಕಂಡರು.

ತುತ್ತತುದಿಯಲ್ಲಿ ಚೂಡಾಮಣಿಯವರು ಪಟ್ಟದ ಗೊಂಬೆ ಕೂರಿಸಿದರು. ರಾಜ ರಾಣಿಯ ಆ ಜೋಡಿಯನ್ನು ಅವರ ತಾಯಿ ಧಾರೆಯ ದಿನ ಮಡಿಲಿಗಿಟ್ಟು ಕೊಟ್ಟಿದ್ದರು. ತಾಯಿ ಈಗಿಲ್ಲ. ತವರಿನದು ಅಂತ ಉಳಿದಿದ್ದು ಅದೊಂದೇ.

"ಇವಕ್ಕೇನಾದ್ರೂ ಆದ್ರೆ..." ಎಂದವರು ಮಾತು ಮುಗಿಸಲಿಲ್ಲ. ಶೀನಣ್ಣನವರಿಗೆ ಮುಗಿಸದ ಮಾತೆಂದರೇ ಹೆಚ್ಚು ಭಯ.

ಸಾಯಂಕಾಲ "ಗೊಂಬೆ ಕೂರ್ಸಿದೀರಾ?" ಎನ್ನುತ್ತ ಪಕ್ಕದ ಮನೆಯ ಗಿರಿಜಾಂಬಾ ಮೊಮ್ಮಗಳು ತನ್ಮಯಿಯನ್ನು ಕರೆದುಕೊಂಡು ಬಂದರು. ಆರತಿ ತಟ್ಟೆ ಎತ್ತಿದ್ದೇ ತಡ, ಮೇಲಿನ ಹಲಗೆ ಮೆಲ್ಲಗೆ ತೂಗಿತು. ಪಕ್ಕದಲ್ಲೇ ನಿಂತಿದ್ದ ಶೀನಣ್ಣನವರು ಅದನ್ನು ಕಣ್ಣಾರೆ ಕಂಡರು. ಬೇರೆ ಯಾರೇ ಆಗಿದ್ದರೂ ಕೈ ಚಾಚುತ್ತಿದ್ದರು. ಇವರು ಯೋಚಿಸಿದರು!

"ವಾಬ್ಲಿ... ಊಹೂಂ, ಇದು ಪಕ್ಕಕ್ಕೆ ವಾಲ್ತಿದೆ. ಹಾಗಾದ್ರೆ ರಿಕೆ..."

"ರೀ! ಹಿಡ್ಕೊಳ್ರೀ!"

ಲಟಕ್! ಸ್ಟೂಲಿನ ಕಾಲು ಮುರಿಯಿತು. ಶೆಟ್ಟಿ ಶೆಟ್ಟಮ್ಮ ಜಾರಿದರು, ಆನೆ ಅಂಗಾತ ಮಲಗಿತು, ರಾಜನು ರಾಣಿಯ ಕಡೆಗೆ ವಾಲಿದ. ಅಷ್ಟು ಹೊತ್ತಿಗೆ ಮೇಷ್ಟರ ನಿಘಂಟು ಖಾಲಿಯಾಗಿತ್ತು. "ಅಯ್ಯಯ್ಯೋ!" ಎಂಬ ಅಚ್ಚ ಕನ್ನಡ ಹೊರಡಿಸಿ ಮೆಟ್ಟಿಲಿಗೆ ಹಾಸಿದ್ದ ಪಂಚೆಯೊಳಗೆ ನುಗ್ಗಿ ಹಲಗೆಗೆ ಹೆಗಲು ಕೊಟ್ಟರು! ರಾಜನೂ ರಾಣಿಯೂ ಉಳಿದರು. ಚೂಡಾಮಣಿಯವರ ಕಣ್ಣಲ್ಲಿ ನೀರು ಬಂತು.

ಉಳಿದದ್ದೇನೋ ಸರಿ, ಈಗ ಶೀನಣ್ಣನವರು ಹೊರಗೆ ಬರುವ ಹಾಗಿಲ್ಲ! ಬಂದರೆ ಸಾಮ್ರಾಜ್ಯವೇ ನೆಲಕ್ಕೆ. ಗೇಟಿನ ಹತ್ತಿರ ಇನ್ನೊಂದಷ್ಟು ಹೆಂಗಸರ ಬಳೆ ಸದ್ದು ಬೇರೆ.

"ಹಾಗೇ ಇರಿ, ಉಸಿರೆತ್ತಬೇಡಿ," ಎಂದು ಚೂಡಾಮಣಿಯವರು ಪಂಚೆ ಎಳೆದು ಗಂಡನನ್ನು ಮುಚ್ಚಿದರು. ಬೀದಿಯ ಹೆಂಗಸರೆಲ್ಲ ಬಂದರು, ಹಾಡು ಹೇಳಿದರು, ಕುಂಕುಮ ಪಡೆದರು. ಮೆಟ್ಟಿಲು ಆಗಾಗ ಸೀನಿತು. ನಡುನಡುವೆ ಚೂಡಾಮಣಿಯವರು ಹೂವು ಸರಿಪಡಿಸುವ ನೆಪದಲ್ಲಿ ಪಂಚೆಯ ಸಂದಿಯಿಂದ ಚಕ್ಕುಲಿ ಚೂರು ತೂರಿಸಿದರು. ಸೊಂಟ ಬಿದ್ದುಹೋಗುತ್ತಿದ್ದರೂ ಶೀನಣ್ಣನವರಿಗೆ ಒಳಗೊಳಗೇ ಖುಷಿಯಾಯಿತು. ಹೆಂಡತಿ ಕೈತುತ್ತು ಕೊಟ್ಟು ಎಷ್ಟು ಕಾಲವಾಗಿತ್ತೋ!

ಎಲ್ಲರೂ ಹೋದ ಮೇಲೆ, ಗುಟ್ಟು ಬಲ್ಲ ಗಿರಿಜಾಂಬಾ ನಗು ತಡೆಯಲಾರದೆ ಅಂದರು: "ನಮ್ಮನೇಲಿ ಕಬ್ಬಿಣದ ಸ್ಟ್ಯಾಂಡ್ ತಂದಿದೀವಿ ಕಣ್ರೀ. ಆದ್ರೂ ನಿಮ್ಮನೇದರ ಹಾಗಿಲ್ಲ ಬಿಡಿ! ಹಳೇ ಕಾಲದ್ದಲ್ವಾ, ಗಟ್ಟಿ."

ಚೂಡಾಮಣಿಯವರು ರಾಜ ರಾಣಿಯನ್ನು ಎತ್ತಿ ಎದೆಗವಚಿಕೊಂಡು, ಪಂಚೆಯ ಕಡೆ ನೋಡಿ ಹೇಳಿದರು: "ಏನು ಗಟ್ಟಿಯೋ! ಮೂವತ್ತು ವರ್ಷದಿಂದ ಮನೇಲಿದೆ, ಅಲ್ಲಾಡದೆ ನಿಂತಿದ್ದು ಇವತ್ತೇ!"