ಫರ್ಗುಸನ್ನರೆಲ್ಲ ಒಂದೇ ಮನೆಯೋರು

ಅಮ್ಮನ ಜೊತೆ ಹೊರಗೆ ಹೋದಾಗೆಲ್ಲ ಏನೋ ಒಂದು ಆಗೇ ಆಗತ್ತೆ. ಯಾರ ಹತ್ರಾನೂ ಬಾಯಿ ಬಿಡದ ನಾನು ಮೊದಲನೇ ಸಲ ಹೇಳ್ತಿದೀನಿ.

ನಾವಿರೋ ಅಲೆನ್ ಊರಿನ ಸ್ಕೂಲಲ್ಲಿ ಹಿಸ್ಟರಿ ಟೀಚರ್ ಮಿಸ್ಟರ್ ಫರ್ಗುಸನ್. ಯಾವುದಾದ್ರೂ ಒಂದು ಸರ್‌ನೇಮ್ ಆರಿಸಿ, ಆ ಹೆಸರಿನ ದೊಡ್ಡೋರ ಬಗ್ಗೆ ಕ್ಲಾಸ್ ಮುಂದೆ ನಿಂತು ಮಾತಾಡಬೇಕು ಅಂದ್ರು. ಹೆದರಿಕೆಗೆ ಸರ್ ಹೆಸರನ್ನೇ ತಗೊಂಡೆ. ಮನೆ ಇಂಟರ್ನೆಟ್ಟು ಫೋನ್ ಬಂದ್ರೆ ಕಟ್ಟಾಗತ್ತೆ, ಅದಕ್ಕೇ ಲೈಬ್ರರಿಗೆ ಹೋದೆ. ಸ್ಕಾಟ್ಲೆಂಡಿನ ಹೆಸರಂತೆ. ವಿಜ್ಞಾನಿ, ಬಾಕ್ಸರ್, ಕವಿ ಎಲ್ಲ ಸಿಕ್ಕಿದ್ರು. ಸಿಗದಿದ್ದದ್ದು ನನ್ನ ಧ್ವನಿ. ಹಾಜರಿಗೂ ನಾನು ಕೈ ಎತ್ತೋದಷ್ಟೇ.

ಅಮ್ಮ ಧಾರವಾಡದವಳು. "ಅಡ್ಡಹೆಸರು ಒಂದ ಅಂದ್ರ ಮನಿತನಾನೂ ಒಂದ. ಅವರ ಮಂದಿ ಯಾರರೆ ಒಬ್ಬರ ಕಡಿಂದ ನಿಮ್ಮ ಸರ್‌ಗೆ ಹೇಳಸೋಣು, ನೀ ಮಾತಾಡೋದು ಬ್ಯಾಡ ಅಂತಾರ" ಅಂದ್ಲು.

ಹಲ್ಲಿನ ಡಾಕ್ಟರು

ನಮ್ಮ ಹಲ್ಲಿನ ಡಾಕ್ಟರೂ ಫರ್ಗುಸನ್. ನನ್ನ ಬಾಯಿ ತುಂಬ ಹತ್ತಿ ತುರುಕಿದಾಗ ಅಮ್ಮ ಕೇಳೇಬಿಟ್ಲು, "ಇವನ ಟೀಚರ್ ನಿಮ್ಮ ತಮ್ಮ ಅಲ್ಲೇನ್ರಿ?"

"ನನಗೆ ಯಾವ ತಮ್ಮನೂ ಇಲ್ಲ" ಅಂತ ಡಾಕ್ಟರು ಡ್ರಿಲ್ ಆನ್ ಮಾಡಿದ್ರು.

ಕಾರಲ್ಲಿ ಅಮ್ಮ ನಿಟ್ಟುಸಿರು ಬಿಟ್ಲು. "ಪಾಪ, ಆಸ್ತಿ ಜಗಳ ಇರಬೇಕು."

ಪೊಲೀಸು

ಹ್ಯೂಸ್ಟನ್‌ಗೆ ಹೋಗ್ತಾ ಅಪ್ಪ ಸ್ಪೀಡಾಗಿ ಓಡಿಸಿ ಸಿಕ್ಕಿಬಿದ್ರು. ಪೊಲೀಸಿನವನ ಎದೆ ಮೇಲಿನ ಪಟ್ಟೀಲಿ ಅದೇ ಹೆಸರು. ಅಮ್ಮನ ಮುಖ ಅರಳ್ತು. ಸೀಟ್ ಬೆಲ್ಟ್ ಬಿಚ್ಚಿ, ಅಪ್ಪನ ಮೇಲಿಂದ ಬಗ್ಗಿ, "ಡಾಕ್ಟರ್ ನಮಗ ಭಾಳ ಬೇಕಾದವರ್ರಿ!" ಅಂದ್ಲು.

"ಯಾವ ಡಾಕ್ಟರು, ಮ್ಯಾಮ್?"

"ನಿಮ್ಮ ಮನೀಯವರ!"

ಅಪ್ಪನಿಗೆ ಸ್ಪೀಡಿಗೆ ಒಂದು ಟಿಕೆಟ್ ಬಂತು. ಬೆಲ್ಟ್ ಬಿಚ್ಚಿದ್ದಕ್ಕೆ ಅಮ್ಮನಿಗೂ ಒಂದು.

ನನ್ನ ಸರದಿ

ಅವತ್ತು ಅಪ್ಪ-ಅಮ್ಮಂದಿರೂ ಬರಬಹುದಿತ್ತು. ಬಂದವಳು ನಮ್ಮಮ್ಮ ಒಬ್ಬಳೇ. ಚಾರ್ಟ್ ಹಿಡಿದು ನಿಂತೆ. ಆಮೇಲೆ ಅದನ್ನ ಮುಖಕ್ಕೇ ಅಡ್ಡ ಮಾಡ್ಕೊಂಡೆ. ಹಿಂದಿನ ಸಾಲಿಂದ ಅಮ್ಮ ಎದ್ದು ನನ್ನ ಬದಲು ತಾನೇ ಇಂಗ್ಲಿಷಲ್ಲಿ ಶುರು ಮಾಡಿದ್ಲು. "ಒಬ್ಬರು ಹಲ್ಲಿನ ಡಾಕ್ಟರು, ಇಲ್ಲೇ ಇರ್ತಾರೆ, ಆಸ್ತಿ ಜಗಳ. ಇನ್ನೊಬ್ಬರು ಪೊಲೀಸು, ನೆಂಟಸ್ತಿಕೇನೇ ಗೊತ್ತಿಲ್ಲ..."

"ಅಮ್ಮಾ, ಕೂತ್ಕೋ!" ಅಂತ ಕಿರುಚಿದೆ. ಈ ವರ್ಷ ಕ್ಲಾಸಲ್ಲಿ ನಾನು ಗಟ್ಟಿಯಾಗಿ ಆಡಿದ ಮಾತು ಅದೊಂದೇ, ಅದೂ ಕನ್ನಡದಲ್ಲಿ.

ಎಲ್ಲರೂ ನಕ್ಕರು, ಸರ್ ಮಾತ್ರ ನಗಲಿಲ್ಲ. ಬೆಲ್ ಆದ್ಮೇಲೆ ಅಮ್ಮನ ಹತ್ರ ಬಂದು ಮೆಲ್ಲಗೆ ಕೇಳಿದ್ರು, "ಆ ಡಾಕ್ಟರು ನನ್ನ ಅಣ್ಣ. ಅಪ್ಪನ ಮನೆ ಯಾರಿಗೆ ಅಂತ ಜಗಳ ಆಗಿ ಮಾತು ಬಿಟ್ಟಿದೀವಿ. ನಿಮಗೆ ಯಾರು ಹೇಳಿದ್ರು?"

ಅಮ್ಮ 'ನಾ ಹೇಳಿರಲಿಲ್ಲೇನು' ಅನ್ನೋ ಹಾಗೆ ನನ್ನ ಕಡೆ ತಿರುಗಿ ನೋಡಿದ್ಲು. ಆ ನೋಟ ಇನ್ನು ಜೀವನ ಪೂರ್ತಿ ನೋಡಬೇಕು.

ಶನಿವಾರ ಅಣ್ಣ-ತಮ್ಮ ಇಬ್ಬರೂ ನಮ್ಮನೆಗೆ ಊಟಕ್ಕೆ ಬರ್ತಿದಾರೆ. ಒಬ್ಬರು ಬರೋದು ಇನ್ನೊಬ್ಬರಿಗೆ ಗೊತ್ತಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ ಅಮ್ಮಂದು. ಮಧ್ಯ ಕೂತು ಮಾತು ಶುರು ಮಾಡೋದು ನಂದಂತೆ.

"ನೀ ಹೆಂಗೂ ಅವರ ಮನಿತನದ ಮ್ಯಾಲ ಓದಿಕೊಂಡೀಯಲ್ಲ!"