ಕಾವಲಿ ಪಳಗಿಸಿದ ತಿಂಗಳು

ದೋಸೆಯ ಮಾತು ಬಂದರೆ ಎಲ್ಲರೂ ಅಜ್ಜಿಯಿಂದ ಶುರು ಮಾಡುತ್ತಾರೆ. ನನಗೂ ಕೆರಾಡಿಯಲ್ಲಿ ಒಬ್ಬ ಅಜ್ಜಿ ಇದ್ದಳು, ಅವಳಿಗೂ ಒಂದು ಕಬ್ಬಿಣದ ಕಾವಲಿ ಇತ್ತು. ಆದರೆ ಅವಳ ದೋಸೆಯ ರುಚಿ ನನಗೆ ಒಂದಿಷ್ಟೂ ನೆನಪಿಲ್ಲ. ನೆನಪಿರುವುದು ಕಣ್ಣಿಗೆ ಹೊಡೆಯುತ್ತಿದ್ದ ಹೊಗೆ, ಮತ್ತು ನನ್ನ ಸರದಿ ಬರುವಷ್ಟರಲ್ಲಿ ಚಟ್ನಿ ಮುಗಿದಿರುತ್ತಿದ್ದದ್ದು. ತಂಗಿಯನ್ನು ಕೇಳಿದರೆ ಅದೂ ಸುಳ್ಳಂತೆ. ಆ ಮನೆಯಲ್ಲಿ ದೋಸೆಗೆ ಚಟ್ನಿಯೇ ಇರಲಿಲ್ಲವಂತೆ, ಬೆಲ್ಲ ಬೆರೆಸಿದ ಕಾಯಿತುರಿ ಇತ್ತಂತೆ. ಹೀಗಿರುವಾಗ ನನ್ನ ನೆನಪನ್ನು ನಂಬಿ ಯಾರೂ ಏನನ್ನೂ ಕೊಂಡುಕೊಳ್ಳಬಾರದು. ಒಂದು ಸಂಗತಿಯನ್ನು ಮಾತ್ರ ಖಡಾಖಂಡಿತವಾಗಿ ಹೇಳಬಲ್ಲೆ. ಹೆಂಡತಿ ಕಾವಲಿ ಪಳಗಿಸಿದ ಆ ಒಂದು ತಿಂಗಳು ದೋಸೆ ತಿಂದು ದಣಿದಷ್ಟು ನಾನು ಬೇರೆ ಯಾವ ಕೆಲಸ ಮಾಡಿಯೂ ದಣಿದವನಲ್ಲ.

ನನ್ನ ಹೆಂಡತಿ ಸುಲೋಚನಳ ಅಣ್ಣನಿಗೆ ಕುಂದಾಪುರದಲ್ಲಿ ಒಂದು ಪಾತ್ರೆ ಅಂಗಡಿ. ಅವಳು ಮಧ್ಯಾಹ್ನದ ಊಟ ಮುಗಿಸಿ ಕುಂಭಾಶಿಯಿಂದ ಬಸ್ಸು ಹತ್ತಿ ಹೋಗಿ, ಅಂಗಡಿಯ ಹಿಂದಿನ ಮೂಲೆಯಲ್ಲಿ ಕುಳಿತು, ಜುಂಯ್ ಎನ್ನುವ ಸಣ್ಣ ಯಂತ್ರ ಹಿಡಿದು ಸ್ಟೀಲು ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದಳು. ಮದುವೆಗೋ ಗೃಹಪ್ರವೇಶಕ್ಕೋ ಉಡುಗೊರೆ ಕೊಡುವವರ ಹೆಸರುಗಳು. ಸುತ್ತಲಿನ ಎಷ್ಟೋ ಊರುಗಳ ಅಡುಗೆಮನೆಯಲ್ಲಿ ಅವಳ ಅಕ್ಷರ ಇದೆ, ಅವಳ ಹೆಸರು ಎಲ್ಲಿಯೂ ಇಲ್ಲ. ಇದು ನಾನು ಯೋಚಿಸಿ ಕಟ್ಟಿದ ಮಾತು. ಅವಳು ಹೇಳುತ್ತಿದ್ದದ್ದು ಇಷ್ಟೇ: ಆ ಮೂಲೆಯಲ್ಲಿ ಗಾಳಿ ಇಲ್ಲ, ಮತ್ತು ಎದುರು ನಿಂತವರಿಗೆ ವ್ಯಾಪಾರ ಮಾಡಲು ಬರುವುದಿಲ್ಲ.

ಅದು ನಾನ್‌ಸ್ಟಿಕ್ ಕಾವಲಿಗಳು ನಮ್ಮ ಕಡೆಗೆ ದಂಡೆತ್ತಿ ಬಂದ ಕಾಲ. ಅಂಗಡಿಯ ಅಟ್ಟದ ಮೇಲೆ ಒಂದು ಡಜನ್ ಕಬ್ಬಿಣದ ಕಾವಲಿಗಳು ತುಕ್ಕು ಹಿಡಿಯುತ್ತಾ ಬಿದ್ದಿದ್ದವು. ಅಷ್ಟರಲ್ಲಿ ಬ್ರಹ್ಮಾವರದಲ್ಲಿ ಹೆಂಗಸರ ಸಂಘವೊಂದು ಎರಡು ದಿನದ ಮಾರಾಟ ಮೇಳ ಮಾಡುತ್ತದೆ, ಯಾರು ಬೇಕಾದರೂ ಮಳಿಗೆ ಹಾಕಬಹುದು ಎಂದು ಸುದ್ದಿ ಬಂತು. ಸುಲೋಚನ ಅಣ್ಣನ ಬಳಿ ಆ ಕಾವಲಿಗಳನ್ನು ಕೇಳಿದಳು. ಭಾವ ನಕ್ಕರು. "ಕಬ್ಬಿಣದ್ ಕಾವ್ಲಿ ಈಗ ಯಾರ್ ತಕಂತ್ರ್ ಹೆಣೆ? ಆಯ್ತ್, ಅಷ್ಟೂ ಮಾರ್ಕಂಡ್ ಬಾ, ಅಂಗ್ಡಿ ಎದುರಿನ್ ಅರ್ಧ ನಿಂಗೇ. ಇಲ್ದಿದ್ರೆ ಅದ್ ಗುಜ್ರಿಗೆ, ನೀ ಮೂಲಿಗೆ" ಎಂದರು. ತಮಾಷೆಗೆ ಹೇಳಿದ್ದು ಎಂದು ನಾನು ತಿಳಿದೆ. ಅವಳು ಹಾಗೆ ತಿಳಿಯಲಿಲ್ಲ.

ಹೊಸ ಕಬ್ಬಿಣದ ಕಾವಲಿಯನ್ನು ಜನ ಕೊಳ್ಳದಿರುವುದಕ್ಕೆ ಕಾರಣ ಅವಳಿಗೆ ಗೊತ್ತಿತ್ತು. ಅದು ಪಳಗುವವರೆಗೆ ದೋಸೆಯನ್ನು ಬಿಟ್ಟುಕೊಡುವುದಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ನೆನೆಹಾಕಬೇಕು, ಎಣ್ಣೆ ಬಳಿದು ಕಾಯಿಸಬೇಕು, ಅರ್ಧ ಕತ್ತರಿಸಿದ ಈರುಳ್ಳಿಯಿಂದ ಉಜ್ಜಬೇಕು, ಆಮೇಲೆ ದಿನಾ ದೋಸೆ ಹೊಯ್ಯುತ್ತಲೇ ಇರಬೇಕು. ಯಾರಿಗಿದೆ ಅಷ್ಟು ಸಹನೆ? ಹಾಗಾಗಿ ಅವಳ ಯೋಜನೆ ಸರಳವಾಗಿತ್ತು: ಅಷ್ಟನ್ನೂ ಮನೆಯಲ್ಲೇ ಪಳಗಿಸಿ, ಮೊದಲ ದಿನವೇ ನೀರುದೋಸೆ ಏಳುವಂತೆ ಮಾಡಿ ಮಾರುವುದು. ಕೇಳಿದಾಗ ನನಗೂ ಒಳ್ಳೆಯ ಯೋಜನೆ ಅನಿಸಿತು. ಆ ದೋಸೆಗಳು ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ನಾನು ಕೇಳಲಿಲ್ಲ.

ಅವು ನನ್ನ ಹೊಟ್ಟೆಗೆ ಬಂದವು. ಮೊದಲು ಬಂದವು ದೋಸೆಗಳಲ್ಲ, ಸಟ್ಟುಗದಿಂದ ಕೆರೆದು ತೆಗೆದ ಚೂರುಗಳು, ಬೂದು ಬಣ್ಣದವು, ಬಾಯಿಗಿಟ್ಟರೆ ಮೊಳೆ ಚೀಪಿದ ಹಾಗೆ. ಆಮೇಲೆ ಅರ್ಧ ದೋಸೆಗಳು, ಅಂಚು ಹರಿದ ದೋಸೆಗಳು, ನಡುವೆ ಕಿಟಕಿ ಇದ್ದ ದೋಸೆಗಳು. ಬೆಳಿಗ್ಗೆ ದೋಸೆ, ಶಾಲೆಗೆ ಬುತ್ತಿಯಲ್ಲಿ ದೋಸೆ, ಸಂಜೆ ಚಹಾಕ್ಕೆ ದೋಸೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ಟರ್. ಸ್ಟಾಫ್ ರೂಮಿನಲ್ಲಿ ಬುತ್ತಿ ತೆರೆದರೆ ಗಣಿತದ ಮೇಷ್ಟ್ರು ಕುರ್ಚಿ ಸಮೇತ ದೂರ ಸರಿಯತೊಡಗಿದರು, ಹಂಚಿಕೊಳ್ಳಿ ಎಂದುಬಿಟ್ಟೇನೆಂಬ ಭಯ. ಪ್ರತಿ ದೋಸೆಗೂ ಸುಲೋಚನ ಒಲೆಯ ಹತ್ತಿರದಿಂದಲೇ ಹೇಗಿದೆ ಎಂದು ಕೇಳುತ್ತಿದ್ದಳು. ಮೊದಲು ನಾನು ವಿವರವಾಗಿ ಉತ್ತರಿಸುತ್ತಿದ್ದೆ ಎಂದು ನನ್ನ ನೆನಪು. ಮೊದಲ ದಿನದಿಂದಲೂ ನೀವು ಹೇಳಿದ್ದು ಒಂದೇ ಮಾತು ಎಂದು ಅವಳ ನೆನಪು. ಆ ಮಾತು 'ಲಾಯ್ಕಿತ್ತ್', ಅಂದರೆ ಚೆನ್ನಾಗಿದೆ. ಚೂರಿಗೂ ಲಾಯ್ಕಿತ್ತ್, ಸೀದದ್ದಕ್ಕೂ ಲಾಯ್ಕಿತ್ತ್. ದಣಿದವನಿಗೆ ಅದಕ್ಕಿಂತ ಚಿಕ್ಕ ದಾರಿ ಇನ್ನೊಂದಿಲ್ಲ.

ಮಳಿಗೆಯ ಅಲಂಕಾರ ನನ್ನ ಪಾಲಿಗೆ ಬಂತು. ಹೇಗಿದ್ದರೂ ನನ್ನ ವಿದ್ಯೆ ಅದು. ಎಲ್ಲರೂ ಮೇಜಿನ ಮೇಲೆ ಸಾಮಾನು ಒಟ್ಟುತ್ತಾರೆ, ನಾವು ಹಾಗೆ ಮಾಡಬಾರದು, ಕಾವಲಿಗಳು ಶೂನ್ಯದಲ್ಲಿ ತೇಲಬೇಕು ಎಂದು ನಾನು ಭಾಷಣ ಮಾಡಿದೆ. ಡಜನ್ ಕಾವಲಿಗಳನ್ನು ಗೋಣಿಯಲ್ಲಿ ತುಂಬಿಸಿ ಬಸ್ಸಿಗೆ ಹತ್ತಿಸಿದಾಗ ಕಂಡಕ್ಟರ್, ಇದ್ಯಾವ ತೋಪಿನ ಗುಂಡು ಎಂದು ಕೇಳಿದ. ಬ್ರಹ್ಮಾವರದ ಹಾಲ್‌ನಲ್ಲಿ ನಮಗೆ ಕೊಟ್ಟ ಮಳಿಗೆಯ ಹಿಂಬದಿಗೆ ಮಿರಿಮಿರಿ ಕಪ್ಪು ಬಟ್ಟೆ ಕಟ್ಟಿ, ಅದರ ಮುಂದೆ ನೈಲಾನ್ ದಾರದಲ್ಲಿ ಕಾವಲಿಗಳನ್ನು ಮೇಲೆ ಕೆಳಗೆ ತೂಗುಬಿಟ್ಟೆ. ಬೆವರು ಒರೆಸಿಕೊಂಡು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿದರೆ ಮಳಿಗೆ ಖಾಲಿ ಇತ್ತು. ಕಪ್ಪು ಬಟ್ಟೆಯ ಮುಂದೆ ಕಪ್ಪು ಕಾವಲಿ ಯಾರಿಗೆ ಕಾಣುತ್ತದೆ? ಪಕ್ಕದ ಉಪ್ಪಿನಕಾಯಿ ಮಳಿಗೆಯವಳು, ನಿಮ್ಮ ಸಾಮಾನು ಇನ್ನೂ ಬರಲಿಲ್ಲವಾ ಎಂದು ಮರುಕದಿಂದ ಕೇಳಿದಳು. ಸುಲೋಚನ ಬೈಯಲಿಲ್ಲ. ನನ್ನ ಚೀಲದಿಂದ, ಮರುದಿನಕ್ಕೆಂದು ತಂದಿದ್ದ ಬಿಳಿ ಪಂಚೆಯನ್ನು ತೆಗೆದು ಕಪ್ಪು ಬಟ್ಟೆಯ ಮೇಲೆ ಪಿನ್ನು ಚುಚ್ಚಿದಳು.

ಮೇಳ ಶುರುವಾದ ಮೇಲೆ ನಾನು ಎಣಿಸಿರದ ತೊಂದರೆ ಎದುರಾಯಿತು. ಸುಲೋಚನ ಕಾವಲಿ ಕೊಡಲು ಒಪ್ಪುತ್ತಿರಲಿಲ್ಲ. ಬಂದವರ ಬಳಿ ಗ್ಯಾಸೋ ಸೌದೆ ಒಲೆಯೋ, ವಾರಕ್ಕೆ ಎಷ್ಟು ಸಲ ದೋಸೆ, ಹೊಯ್ಯುವವರು ಯಾರು ಎಂದು ವಿಚಾರಿಸುತ್ತಿದ್ದಳು. ಉತ್ತರ ಸರಿಬಂದರೆ ಮಾತ್ರ ದಾರ ಬಿಚ್ಚುತ್ತಿದ್ದಳು. ಮುಂಬಯಿಯಿಂದ ರಜೆಗೆ ಬಂದಿದ್ದ ಒಬ್ಬ ಹೆಂಗಸು, ನಾನ್‌ಸ್ಟಿಕ್‌ನ ಕರಿ ಪದರ ಎದ್ದು ದೋಸೆಗೆ ಮೆತ್ತುತ್ತದೆ ಎಂದು ರೋಸಿಹೋಗಿ ನಮ್ಮಲ್ಲಿಗೆ ಬಂದವರು. ಎಂತ ಹಾಕಿ ತೊಳಿತ್ರಿ ಎಂದು ಇವಳು ಕೇಳಿದಳು. ಪೌಡರ್ ಹಾಕಿ ಬ್ರಶ್ಶಿನಲ್ಲಿ ತಿಕ್ಕುವುದು ಎಂದು ಅವರು ಸಹಜವಾಗಿ ಹೇಳಿದರು.

"ಹಂಗಾರೆ ನಿಮ್ಗ್ ಬ್ಯಾಡ" ಎಂದಳು ಸುಲೋಚನ.

ಭಾವ ಮಳಿಗೆ ನೋಡಲು ಬಂದು ನಿಂತದ್ದು ಸರಿಯಾಗಿ ಆಗಲೇ. "ನೀ ಕಾವ್ಲಿ ಮಾರುಕ್ ಬಂದದ್ದಾ, ಹೆಣ್ ಕೊಡುಕ್ ಬಂದದ್ದಾ?" ಎಂದು ಹಲ್ಲು ಕಚ್ಚಿ ಕೇಳಿದರು. ಅಂಗಡಿಯ ಎದುರಿನ ಅರ್ಧ ಅಲ್ಲೇ ಕಣ್ಣೆದುರು ಕರಗುತ್ತಿರುವುದು ನನಗೆ ಕಾಣುತ್ತಿತ್ತು. ಅವಳಿಗೂ ಕಂಡಿರಬೇಕು, ಆದರೆ ದಾರ ಬಿಚ್ಚಲಿಲ್ಲ. "ಒಂದ್ ತಿಂಗ್ಳ್ ಕಷ್ಟಪಟ್ಟಿದೆ ಅಣ್ಣ. ಒಂದೇ ತಿಕ್ಕಿಗ್ ಹಾಳ್ ಮಾಡುಕ್ ಕೊಡುದಿಲ್ಲೆ."

ಮುಂಬಯಿಯವರಿಗೆ ರೇಗಿತು. ದೋಸೆ ಹೊಯ್ಯಲು ಬಾರದವಳೆಂದು ತಿಳಿದಿರಾ ಎಂದು ಸೆರಗು ಸಿಕ್ಕಿಸಿ, ಗಿರಾಕಿಗಳಿಗೆ ದೋಸೆ ಹೊಯ್ದು ತೋರಿಸಲೆಂದು ನಾವು ಒಂದು ಕಾವಲಿ ಇಟ್ಟು ಉರಿಸಿದ್ದ ಸ್ಟೌವಿನ ಮುಂದೆ ಬಂದು ಹಿಟ್ಟಿನ ಪಾತ್ರೆಗೆ ಕೈಹಾಕಿದರು. ಜನ ಸೇರಿದರು. ದೋಸೆ ಒಂದು ಚೂರೂ ಅಂಟದೆ ಬಿಳಿ ಕರವಸ್ತ್ರದ ಹಾಗೆ ಎದ್ದು ಬಂತು. ಅದನ್ನು ಮಡಿಚಿ ಬಾಳೆಎಲೆಯ ತುಂಡಿನಲ್ಲಿಟ್ಟು, ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ನನ್ನ ಕೈಗೆ ಕೊಟ್ಟರು. ನಾನು ತಿಂದೆ. ಭಾವನಿಂದ ಹಿಡಿದು ಉಪ್ಪಿನಕಾಯಿಯವಳವರೆಗೆ ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಇಡೀ ತಿಂಗಳ ದಣಿವಿಗೆ ಈಗೊಂದು ಬೆಲೆ ಬಂತು, ನನ್ನ ಒಂದು ಮಾತಿನ ಮೇಲೆ ಹೆಂಡತಿಯ ಭವಿಷ್ಯ ನಿಂತಿದೆ ಎಂದು ಎದೆ ಉಬ್ಬಿಸಿ, ಗಂಟಲು ಸರಿಮಾಡಿ, ಲಾಯ್ಕಿತ್ತ್ ಎಂದೆ.

"ಅವ್ರ್ ಹೇಳಿದ್ದ್ ನಂಬ್ಬೇಡಿ" ಎಂದಳು ಸುಲೋಚನ. "ಅವ್ರಿಗ್ ಎಲ್ಲವೂ ಲಾಯ್ಕೇ. ನೀವೇ ತಿಂದ್ ಕಾಣಿ."

ಅವರು ಇನ್ನೊಂದು ಹೊಯ್ದು ತಾವೇ ತಿಂದರು. ಆಮೇಲೆ ದನಿ ತಗ್ಗಿಸಿ, ಪೌಡರ್ ಬೇಡವೆಂದರೆ ಮತ್ತೆ ಎಂತ ಹಾಕಿ ತೊಳೆಯುವುದು ಎಂದು ಕೇಳಿದರು. ಬಿಸಿನೀರು, ತೆಂಗಿನ ನಾರು, ಒಣಗಿಸಿ ಒಂದು ಹನಿ ಎಣ್ಣೆ ಎಂದು ಇವಳು ಹೇಳಿ ದಾರ ಬಿಚ್ಚಿದಳು. ಅದಾದ ಮೇಲೆ ಬಂದವರು ಇವಳು ಕೇಳುವ ಮೊದಲೇ ತಾವು ಪೌಡರ್ ಹಾಕುವವರಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅವರಲ್ಲಿ ಅರ್ಧ ಜನ ಸುಳ್ಳು ಹೇಳಿರಬಹುದು. ಮರುದಿನ ಸಂಜೆಗೆ ಮಳಿಗೆಯಲ್ಲಿ ನನ್ನ ಪಂಚೆಯೊಂದೇ ಉಳಿದಿತ್ತು. ಭಾವ ಹೊಗಳಲಿಲ್ಲ, ಸೋಮವಾರದಿಂದ ಎದುರು ಕೂತುಕೋ ಎಂದರು, ಬೈಂದೂರಿನಲ್ಲೂ ಇಂಥದೇ ಮೇಳ ಇದೆಯಂತೆ ಎಂದು ಬೇರೆಡೆ ನೋಡುತ್ತಾ ಸೇರಿಸಿದರು.

ನನಗೆ ಸಂತೋಷವಾಯಿತು, ಆದರೆ ಒಳಗೆ ಒಂದು ಮುಳ್ಳೂ ಇತ್ತು. ತಿಂಗಳಿಡೀ ನಾನು ರುಚಿ ನೋಡುವವನೆಂದು ತಿಳಿದಿದ್ದೆ. ಅವಳ ಲೆಕ್ಕದಲ್ಲಿ ನಾನು ದೋಸೆ ಇಡುವ ಜಾಗ. ಮರುದಿನ ಬೆಳಿಗ್ಗೆ ಮನೆಯ ಕಾವಲಿಯಲ್ಲಿ ಅವಳು ದೋಸೆ ಹೊಯ್ದಾಗ, ನನಗೂ ನಾಲಿಗೆ ಇದೆಯೆಂದು ತೋರಿಸಿಯೇ ಬಿಡೋಣವೆಂದು, ಉಪ್ಪು ಒಂದು ಚಿಟಿಕೆ ಕಡಿಮೆ, ಅಕ್ಕಿ ಇನ್ನೂ ನುಣ್ಣಗಾಗಬೇಕಿತ್ತು, ನೀರು ಸ್ವಲ್ಪ ಜಾಸ್ತಿ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವಳು ಸಟ್ಟುಗ ಕೆಳಗಿಟ್ಟು, ಮಳಿಗೆಗೆ ಬಂದ ಹೆಂಗಸರನ್ನು ನೋಡುತ್ತಿದ್ದ ಹಾಗೆಯೇ ನನ್ನನ್ನು ನೋಡಿದಳು. ಇಷ್ಟೆಲ್ಲ ಗೊತ್ತಿದ್ದವರು ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದಳು. ಬೈಂದೂರಿನ ಮೇಳದ ಹೊಸ ಕಾವಲಿಗಳಿಗೆ ಅಕ್ಕಿ ಅರೆಯುವ ಕೆಲಸ ಅಂದಿನಿಂದ ನನ್ನದಾಯಿತು. ಬೆಳಿಗ್ಗೆ ಗ್ರೈಂಡರಿನ ಪಕ್ಕ ತೂಕಡಿಸುತ್ತಾ ನಿಲ್ಲುತ್ತೇನೆ. ಅವಳು ಬಂದು ಹಿಟ್ಟಿಗೆ ಬೆರಳು ಅದ್ದಿ, ಉಜ್ಜಿ ನೋಡಿ, ಇನ್ನೂ ಒಂದು ಸುತ್ತು ಎಂದು ಹೇಳಿ ಹೋಗುತ್ತಾಳೆ. ಲಾಯ್ಕಿತ್ತ್ ಎಂದುಬಿಡುವ ಅಭ್ಯಾಸ ಅವಳಿಗಿಲ್ಲ.